ಓಆರ್‌ಎಸ್ ಕುಡಿಸಿದರೂ ಭೇದಿ ನಿಲ್ಲುತ್ತಿಲ್ಲ, ಗ್ಲೂಕೋಸ್ ಹಾಕಿಸೋದೇ ಒಳ್ಳೇದಲ್ವಾ?

ಪ್ರಶ್ನೆ: ನನ್ನ ಮಗನಿಗೆ ಒಂದೂವರೆ ವರ್ಷ. ವಾಂತಿ ಭೇದಿ ಶುರುವಾಯ್ತು ಅಂತ ಡಾಕ್ಟರ ಹತ್ತಿರ ಹೋದೆವು. ಅವರು ಓಆರ್‌ಎಸ್ ಪ್ಯಾಕೆಟ್ಟು, ಜಿಂಕ್ ಸಿರಪ್ ಬರೆದುಕೊಟ್ಟು ಮನೆಗೆ ಕಳಿಸಿಬಿಟ್ಟರು. ಎರಡು ದಿನದಿಂದ ಕುಡಿಸುತ್ತಿದ್ದೇವೆ, ಭೇದಿ ನಿಂತಿಲ್ಲ. ನಮ್ಮತ್ತೆ "ಬೇರೆ ಡಾಕ್ಟ್ರ ಹತ್ರ ಹೋಗಿ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಂಡು ಬನ್ನಿ, ಬರೀ ನೀರು ಕುಡಿಸಿದ್ರೆ ಏನಾಗತ್ತೆ" ಅಂತಾರೆ. ಯಾವುದು ಸರಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮಗು ಎಚ್ಚರವಾಗಿದೆ, ಕೊಟ್ಟದ್ದನ್ನು ಕುಡಿಯುತ್ತಿದೆ, ಉಚ್ಚೆ ಸರಿಯಾಗಿ ಹೋಗುತ್ತಿದೆ ಅಂದರೆ ಡ್ರಿಪ್ ಬೇಡ. ನಿಮ್ಮ ಡಾಕ್ಟರು ಮಾಡಿದ್ದು ಸರಿ. ಭೇದಿ ಎರಡೇ ದಿನಕ್ಕೆ ನಿಲ್ಲಲಿಲ್ಲ ಅನ್ನುವುದು ಓಆರ್‌ಎಸ್ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಯಾಕಂದರೆ ಭೇದಿ ನಿಲ್ಲಿಸುವುದು ಅದರ ಕೆಲಸವೇ ಅಲ್ಲ.

ಇದನ್ನು ಹೇಳಿದ ಕೂಡಲೇ "ಮತ್ತೆ ಯಾಕೆ ಕುಡಿಸಬೇಕು" ಅನ್ನುತ್ತೀರಿ. ನ್ಯಾಯವಾದ ಮಾತು. ಭೇದಿಯಿಂದ ಮಗು ಸಾಯುವುದು ಬಹುತೇಕ ನೀರು ಮತ್ತು ಉಪ್ಪು ಖಾಲಿಯಾಗುವುದರಿಂದ. ಸೋಂಕು ತನ್ನ ಪಾಡಿಗೆ ತಾನು ಕೆಲವು ದಿನ ಇದ್ದು ಹೋಗುತ್ತದೆ. ಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವ ವೈರಸ್ ಭೇದಿ ಒಂದು ವಾರದೊಳಗೆ ತಾನೇ ಇಳಿಯುತ್ತದೆ, ಮೊದಲು ವಾಂತಿ ನಿಲ್ಲುತ್ತದೆ, ಭೇದಿ ಆಮೇಲೆ. ಆ ವಾರ ಪೂರ್ತಿ ಎಷ್ಟು ಹೋಯಿತೋ ಅಷ್ಟನ್ನು ವಾಪಸ್ ತುಂಬಿಸುತ್ತಾ ಇದ್ದರೆ ಮಗುವಿಗೆ ಅಪಾಯವಿಲ್ಲ. ಓಆರ್‌ಎಸ್ ಮಾಡುವುದು ಇಷ್ಟೇ. ಆದರೆ ಈ ಇಷ್ಟೇ ಅನ್ನುವುದನ್ನು ಡಾಕ್ಟರುಗಳೇ ನಂಬಲು ಎಷ್ಟೋ ವರ್ಷ ಬೇಕಾಯಿತು, ಹಾಗಾಗಿ ನಿಮ್ಮತ್ತೆ ನಂಬದಿರುವುದರಲ್ಲಿ ಆಶ್ಚರ್ಯ ಏನೂ ಇಲ್ಲ.

ಡ್ರಿಪ್ಪೋ, ಬಾಯಿಗೋ ಎಂಬ ಈ ಪ್ರಶ್ನೆಯ ಸುತ್ತಲೇ ವೃತ್ತಿಯ ಬಹುಭಾಗ ಕಳೆದ ಒಬ್ಬ ಮಕ್ಕಳ ಡಾಕ್ಟರು ಇದ್ದರು. ದಿಲೀಪ್ ಮಹಲನಾಬಿಸ್. ಅವರ ಕೆಲಸದ ಕಥೆ ಹೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಅದರೊಳಗೇ ಸಿಗುತ್ತದೆ.

ಹುಟ್ಟಿದ್ದು 1934ರಲ್ಲಿ, ಈಗ ಬಾಂಗ್ಲಾದೇಶದಲ್ಲಿರುವ ಕಿಶೋರ್‌ಗಂಜ್‌ನಲ್ಲಿ. ಕಲ್ಕತ್ತಾ ಮೆಡಿಕಲ್ ಕಾಲೇಜಿನಿಂದ 1958ರಲ್ಲಿ ಡಾಕ್ಟರಾದರು. ಬ್ರಿಟನ್ನಿಗೆ ಹೋಗಿ ಮಕ್ಕಳ ವೈದ್ಯಕೀಯ ಕಲಿತು, ಲಂಡನ್ನಿನ ಕ್ವೀನ್ ಎಲಿಜಬೆತ್ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಅಲ್ಲೇ ಉಳಿಯಬಹುದಿತ್ತು, ಉಳಿಯಲಿಲ್ಲ. 1960ರ ದಶಕದಲ್ಲಿ ಕಲ್ಕತ್ತಾಕ್ಕೆ ವಾಪಸ್ ಬಂದು, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಅಲ್ಲಿ ನಡೆಸುತ್ತಿದ್ದ ಸಂಶೋಧನಾ ಕೇಂದ್ರ ಸೇರಿಕೊಂಡರು. ಕಾಲರಾ ರೋಗಿಗಳಿಗೆ ರಕ್ತನಾಳದ ಬದಲು ಬಾಯಿಯ ಮೂಲಕವೇ ನೀರು ತುಂಬಿಸಬಹುದಾ ಎಂಬುದು ಆಗ ಅಲ್ಲಿ ನಡೆಯುತ್ತಿದ್ದ ಮುಖ್ಯ ಕೆಲಸ.

ಈ ಆಲೋಚನೆ ಅವರೊಬ್ಬರದೇ ಅಲ್ಲ. ಆ ಬಗ್ಗೆ ಅಂತರ್ಜಾಲದಲ್ಲಿ ಓಡಾಡುವ ಬರಹಗಳಲ್ಲಿ "ಓಆರ್‌ಎಸ್ ಕಂಡುಹಿಡಿದವರು" ಅಂತ ಒಬ್ಬರದೇ ಹೆಸರು ಹಾಕಿಬಿಡುತ್ತಾರೆ, ಅದು ಸರಿಯಲ್ಲ. ಕಲ್ಕತ್ತಾದ ಹೇಮೇಂದ್ರನಾಥ್ ಚಟರ್ಜಿ 1953ರಲ್ಲೇ ಉಪ್ಪು ಸಕ್ಕರೆ ನೀರು ಕುಡಿಸಿ ಕಾಲರಾ ರೋಗಿಗಳನ್ನು ಗುಣಪಡಿಸಿದ್ದನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬರೆದಿದ್ದರು. ಯಾರೂ ಗಮನ ಕೊಡಲಿಲ್ಲ. ಯಾಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಆಗ ವಿವರಣೆ ಇರಲಿಲ್ಲ.

ವಿವರಣೆ ಬಂದದ್ದು 1960ರಲ್ಲಿ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಸಣ್ಣ ಕರುಳಿನ ಜೀವಕೋಶಗಳು ಸಕ್ಕರೆಯನ್ನೂ ಉಪ್ಪಿನಲ್ಲಿರುವ ಸೋಡಿಯಂ ಅನ್ನೂ ಜೊತೆಜೊತೆಯಾಗಿ ಒಳಗೆ ಎಳೆದುಕೊಳ್ಳುತ್ತವೆ ಎಂದು ತೋರಿಸಿದರು. ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಜಾಗ. ದೊಡ್ಡವರ ಕರುಳಿಗೆ ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಬರುತ್ತದೆ. ನಾವು ಕುಡಿದದ್ದು ಎರಡು ಲೀಟರ್ ಅಷ್ಟೆ, ಉಳಿದದ್ದು ಜೊಲ್ಲು, ಜಠರರಸ, ಪಿತ್ತ, ಕರುಳೇ ಸುರಿಸುವ ರಸ. ಇದೆಲ್ಲ ಹೆಚ್ಚುಕಮ್ಮಿ ಪೂರ್ತಿಯಾಗಿ ವಾಪಸ್ ಹೀರಿಕೊಂಡು, ಮಲದ ಜೊತೆ ಹೋಗುವುದು ಒಂದು ಲೋಟದಷ್ಟು ಮಾತ್ರ. ಕಾಲರಾ ಬಂದಾಗ ಅದರ ವಿಷ ಕರುಳಿನ ಗೋಡೆಯಿಂದ ಉಪ್ಪು ನೀರನ್ನು ಹೊರಕ್ಕೆ ಸುರಿಸುತ್ತದೆ, ಜೊತೆಗೆ ಬರೀ ಉಪ್ಪು ನೀರು ಕುಡಿಸಿದರೆ ಅದು ಒಳಗೆ ಹೋಗುವುದೂ ಇಲ್ಲ. ಆದರೆ ಸಕ್ಕರೆ ಮತ್ತು ಸೋಡಿಯಂ ಒಟ್ಟಿಗೆ ಹೋಗುವ ಆ ಬಾಗಿಲಿದೆಯಲ್ಲ, ಅದು ಎಂಥ ಭೇದಿಯಲ್ಲೂ ಹೆಚ್ಚಾಗಿ ಕೆಟ್ಟಿರುವುದಿಲ್ಲ. ಸರಿಯಾದ ಅಳತೆಯಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟರೆ ಅವು ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಹೊರಗೆ ಸುರಿಯುವುದು ನಡೆದೇ ಇರುತ್ತದೆ, ಒಳಗೆ ಹೋಗುವುದು ಅದಕ್ಕಿಂತ ಜಾಸ್ತಿ ಆಗುತ್ತದೆ, ಅಷ್ಟೆ ವ್ಯತ್ಯಾಸ. ನಿಮ್ಮ ಮಗನಿಗೆ ಈಗ ಆಗುತ್ತಿರುವುದೂ ಅದೇ.

ಅಳತೆ ಅಂದೆ. ಇದು ಸುಮ್ನೆ ಹೇಳಿದ ಮಾತಲ್ಲ. 1960ರ ದಶಕದ ಆರಂಭದಲ್ಲಿ ಮನಿಲಾದಲ್ಲಿ ಅಮೆರಿಕದ ನೌಕಾಪಡೆಯ ಡಾಕ್ಟರು ರಾಬರ್ಟ್ ಫಿಲಿಪ್ಸ್ ಇಂಥದ್ದೇ ದ್ರವವನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. ಉಪ್ಪು ಜಾಸ್ತಿಯಾಗಿತ್ತು. ಕೆಲವರು ತೀರಿಕೊಂಡರು. ಅದಾದ ಮೇಲೆ ವರ್ಷಗಟ್ಟಲೆ ಈ ದಾರಿಯಲ್ಲಿ ಹೆಜ್ಜೆ ಇಡಲು ಎಲ್ಲರಿಗೂ ಭಯ. ಕೊನೆಗೆ 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಯುವ ಡಾಕ್ಟರುಗಳು ಎಷ್ಟು ಹೋಯಿತು ಅಂತ ಅಳೆದು ಅಷ್ಟೇ ಕುಡಿಸುವ ಪದ್ಧತಿ ಹಿಡಿದು, ಡ್ರಿಪ್ಪಿನ ಅಗತ್ಯ ಶೇ 80ರಷ್ಟು ಕಡಿಮೆಯಾಗುತ್ತದೆ ಎಂದು ತೋರಿಸಿದರು. ಕಲ್ಕತ್ತಾದ ತಂಡದವರೂ ಅದೇ ಹೊತ್ತಿನಲ್ಲಿ ಇದೇ ಕೆಲಸದಲ್ಲಿದ್ದರು. ಆದರೆ ಇದೆಲ್ಲ ಆಸ್ಪತ್ರೆಯೊಳಗೆ ನಡೆದದ್ದು. ತರಬೇತಾದ ನರ್ಸುಗಳು, ಅಳೆಯುವ ಪಾತ್ರೆ, ಪ್ರಯೋಗಾಲಯ ಎಲ್ಲ ಇದ್ದ ಕಡೆ. ಹೊರಗೆ ನಡೆಯುತ್ತದೆ ಅಂತ ಯಾರೂ ಧೈರ್ಯವಾಗಿ ಹೇಳಿರಲಿಲ್ಲ.

ಆಮೇಲೆ 1971 ಬಂತು. ಪೂರ್ವ ಪಾಕಿಸ್ತಾನದಲ್ಲಿ ಯುದ್ಧ, ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಮಳೆಗಾಲ. ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಜೂನ್ ಕೊನೆಯಲ್ಲಿ ಮಹಲನಾಬಿಸ್ ತಮ್ಮ ತಂಡದ ಜೊತೆ ಗಡಿಯ ಬನಗಾಂವ್ ಪಟ್ಟಣದ ಆಸ್ಪತ್ರೆಗೆ ಹೋದರು. ಕಾಲರಾ ರೋಗಿಗಳಿಗೆ ಅಂತ ಇದ್ದದ್ದು ಎರಡು ಕೋಣೆ, 16 ಹಾಸಿಗೆ. ನೆಲದ ತುಂಬ ಜನ ಮಲಗಿದ್ದರು. ಡ್ರಿಪ್ ಹಾಕಬೇಕು ಅಂದರೆ ವಾಂತಿ ಮತ್ತು ಮಲದ ಮೇಲೇ ಮಂಡಿಯೂರಿ ಕೂರಬೇಕಿತ್ತು ಅಂತ ಅವರೇ ಎಷ್ಟೋ ವರ್ಷದ ನಂತರ ನೆನಪು ಮಾಡಿಕೊಂಡಿದ್ದಾರೆ. ಎರಡು ದಿನ ಕಳೆಯುವಷ್ಟರಲ್ಲಿ ಅವರಿಗೆ ಗೊತ್ತಾಯಿತು, ಇದು ಸೋಲುವ ಯುದ್ಧ ಅಂತ. ಡ್ರಿಪ್ಪಿನ ಬಾಟಲಿಗಳು ಸಾಲದು. ಸೂಜಿ ಹಾಕಲು ಬರುವವರು ತಂಡದಲ್ಲಿ ಇಬ್ಬರೇ.

ಅವರು ಆಗ ಮಾಡಿದ್ದು ಶಾಸ್ತ್ರಕ್ಕೆ ವಿರುದ್ಧ ಅನ್ನಬಹುದಾದ ಕೆಲಸ. ಯಾವ ಒಪ್ಪಿಗೆಯನ್ನೂ ಕಾಯದೆ ಇಡೀ ಶಿಬಿರಕ್ಕೆ ಬಾಯಿಯ ಮೂಲಕ ಕುಡಿಸುವ ದ್ರವವನ್ನೇ ಮುಖ್ಯ ಚಿಕಿತ್ಸೆ ಮಾಡಿಬಿಟ್ಟರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಅಷ್ಟೇ. ಪೊಟ್ಯಾಸಿಯಂ ಸೇರಿಸಿದ್ದರೆ ಇನ್ನೂ ಒಳ್ಳೆಯದಿತ್ತು, ಆದರೆ ಇರುವುದರಲ್ಲಿ ಅಗ್ಗವಾಗಿ, ಬೇಗ ಆಗಬೇಕಿತ್ತು. ಕಲ್ಕತ್ತಾದ ಕೇಂದ್ರದಲ್ಲಿ ಪುಡಿಗಳನ್ನು ತೂಕ ಮಾಡಿ ಪಾಲಿಥೀನ್ ಚೀಲಕ್ಕೆ ತುಂಬಿ, ಇಸ್ತ್ರಿಪೆಟ್ಟಿಗೆಯ ಬಿಸಿಯಲ್ಲಿ ಬಾಯಿ ಮುಚ್ಚಿ ಬನಗಾಂವ್‌ಗೆ ಕಳಿಸುತ್ತಿದ್ದರು. ಅಲ್ಲಿ ದೊಡ್ಡ ಡ್ರಮ್ಮುಗಳಲ್ಲಿ ನೀರಿಗೆ ಕಲಸಿ ಇಡುವುದು, ರೋಗಿಯ ಕಡೆಯವರು ಬಂದು ತುಂಬಿಕೊಂಡು ಹೋಗಿ ಕುಡಿಸುವುದು. ಲೀಟರಿಗೆ ತಗಲಿದ ಖರ್ಚು 11 ಪೈಸೆ.

ಕುಡಿಸಿದವರು ಯಾರು ನೋಡಿ. ಅಮ್ಮ, ಅಜ್ಜಿ, ಅಣ್ಣ, ಗಂಡ. ನನ್ನ ಪ್ರಕಾರ ಆ ವರ್ಷದ ನಿಜವಾದ ಸಂಶೋಧನೆ ಇದೇ, ಪುಡಿ ಅಲ್ಲ. ಪುಡಿ ಏನು ಮಾಡುತ್ತದೆ ಅಂತ ಆಗಲೇ ಗೊತ್ತಿತ್ತು. ಓದು ಬರಹ ಬಾರದ, ಮನೆ ಮಠ ಬಿಟ್ಟು ಓಡಿ ಬಂದ ಒಬ್ಬ ತಾಯಿ ತನ್ನ ಮಗುವಿಗೆ ಚಿಕಿತ್ಸೆ ಕೊಡಬಲ್ಲಳು, ಅದೂ ಪದವಿ ಪಡೆದವರು ಕೊಟ್ಟದ್ದಕ್ಕಿಂತ ಕಡಿಮೆ ಏನೂ ಇಲ್ಲದ ಹಾಗೆ, ಅನ್ನುವುದು ಗೊತ್ತಿರಲಿಲ್ಲ.

ಜನ ಅಲ್ಲೂ ಮೊದಲು ನಂಬಲಿಲ್ಲ. ಅವರಿಗೂ ಬಾಟಲಿಯೇ ಬೇಕಿತ್ತು. ಇದೂ ಸಲೈನೇ, ಬಾಯಲ್ಲಿ ಕುಡಿಯುವುದು ಅಷ್ಟೆ ಅಂತ ಹೇಳಿ ಒಪ್ಪಿಸಬೇಕಾಯಿತು. ನಿಮ್ಮತ್ತೆಗೂ ಬೇಕಿದ್ದರೆ ಹೀಗೆ ಹೇಳಿ ನೋಡಿ, ಸುಳ್ಳಂತೂ ಅಲ್ಲ.

ಶಿಬಿರದಲ್ಲಿ ಮೊದಲು 100 ರೋಗಿಗಳಲ್ಲಿ ಸುಮಾರು 30 ಜನ ಸಾಯುತ್ತಿದ್ದರು. ಈ ತಂಡದ ಆರೈಕೆಗೆ ಬಂದವರಲ್ಲಿ ಅದು ಶೇ 3.6ಕ್ಕೆ ಇಳಿಯಿತು. ಕಲಸುವ ವಿಧಾನವನ್ನು ಕರಪತ್ರ ಮಾಡಿ ಗಡಿಯುದ್ದಕ್ಕೂ ಹಂಚಿದರು, ಗುಪ್ತವಾಗಿ ನಡೆಯುತ್ತಿದ್ದ ಬಾಂಗ್ಲಾದೇಶದ ರೇಡಿಯೋದಲ್ಲೂ ಅದು ಪ್ರಸಾರವಾಯಿತು.

ಇಷ್ಟಾದರೂ ವೈದ್ಯಲೋಕ ಕುಣಿದಾಡಿತು ಅಂತ ಅಂದುಕೊಳ್ಳಬೇಡಿ. ಇದು ಅಚ್ಚುಕಟ್ಟಾದ ಪ್ರಯೋಗ ಅಲ್ಲ, ಹೋಲಿಕೆಗೆ ಇನ್ನೊಂದು ಗುಂಪು ಇಲ್ಲ, ಗಲಾಟೆಯಲ್ಲಿ ಬರೆದಿಟ್ಟ ಲೆಕ್ಕ ಅನ್ನುವ ಆಕ್ಷೇಪಗಳು ಸಹಜವಾಗಿ ಬರುವಂಥವೇ. ವರದಿ ಅಚ್ಚಾದದ್ದು 1973ರಲ್ಲಿ, ಜಾನ್ಸ್ ಹಾಪ್‌ಕಿನ್ಸ್‌ನವರದೇ ಪತ್ರಿಕೆಯಲ್ಲಿ. ಅದೃಷ್ಟಕ್ಕೆ ಶಿಬಿರಕ್ಕೆ ಬಂದು ಕಣ್ಣಾರೆ ನೋಡಿ ಹೋದವರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಇದ್ದರು. ಅವರು ಹಿಡಿದ ಪಟ್ಟು ಬಿಡಲಿಲ್ಲ. 1970ರ ದಶಕ ಮುಗಿಯುವುದರೊಳಗೆ ಓಆರ್‌ಎಸ್ ಪ್ಯಾಕೆಟ್ಟು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಮೂಲಕ ದೇಶ ದೇಶಕ್ಕೆ ಹೋಗತೊಡಗಿತ್ತು. 1978ರಲ್ಲಿ ಲ್ಯಾನ್ಸೆಟ್ ತನ್ನ ಸಂಪಾದಕೀಯದಲ್ಲಿ, ಸಕ್ಕರೆ ಮತ್ತು ಸೋಡಿಯಂ ಒಟ್ಟಿಗೆ ಹೋಗುತ್ತವೆ ಅನ್ನುವ ಈ ಸಂಗತಿ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಆಗಬಹುದು ಎಂದು ಬರೆಯಿತು. 1953ರಲ್ಲಿ ಚಟರ್ಜಿಯವರ ಲೇಖನ ಹಾಕಿದ್ದೂ ಅದೇ ಪತ್ರಿಕೆ. ಮಧ್ಯೆ 25 ವರ್ಷ.

ಬಾಂಗ್ಲಾದೇಶ ಆಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು, ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ. ಬ್ರ್ಯಾಕ್ ಎಂಬ ಸಂಸ್ಥೆ 1980ರಿಂದ ಹತ್ತು ವರ್ಷ ಹಳ್ಳಿ ಹಳ್ಳಿಗೆ ಹೆಣ್ಣುಮಕ್ಕಳನ್ನು ಕಳಿಸಿ, ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ತಾಯಂದಿರಿಗೆ ಇದನ್ನು ಕೂರಿಸಿ ಕಲಿಸಿತು. ಮೂರು ಬೆರಳಲ್ಲಿ ಹಿಡಿದ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿ ಬಂದ ಮೇಲೆ ಬೇರೆಯವರು ಹೋಗಿ ಆ ತಾಯಿ ಎಷ್ಟು ನೆನಪಿಟ್ಟುಕೊಂಡಿದ್ದಾಳೆ ಅಂತ ಕೇಳುತ್ತಿದ್ದರು, ಕಲಿಸಿದವಳ ಸಂಬಳ ಅದರ ಮೇಲೆ! ನಮ್ಮ ಎಷ್ಟು ಸರ್ಕಾರಿ ತರಬೇತಿಗಳು ಈ ಪರೀಕ್ಷೆ ಪಾಸಾಗುತ್ತವೆ ಅಂತ ನಾನು ಕೇಳುವುದಿಲ್ಲ.

ಮಹಲನಾಬಿಸ್ ಅವರ ಬಗ್ಗೆ ಬರೆಯುವವರು ಬನಗಾಂವ್‌ಗೆ ಬಂದು ನಿಂತುಬಿಡುತ್ತಾರೆ. ಅದರಾಚೆಗೆ ಅವರ ಕೆಲಸ ಇನ್ನೂ ದಶಕಗಳಷ್ಟು ನಡೆಯಿತು, ನಿಮ್ಮ ಡಾಕ್ಟರ ಚೀಟಿಯಲ್ಲಿರುವ ಉಳಿದ ಸಂಗತಿಗಳು ಅದಕ್ಕೆ ಸಂಬಂಧಪಟ್ಟವು. 1970ರ ದಶಕದ ಉತ್ತರಾರ್ಧದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಫ್ಘಾನಿಸ್ತಾನ, ಈಜಿಪ್ಟ್, ಯೆಮನ್‌ಗಳಲ್ಲಿ ಕಾಲರಾ ನಿಯಂತ್ರಣದ ಕೆಲಸ ಮಾಡಿದರು. ಆಮೇಲೆ ಢಾಕಾದ ಅಂತರರಾಷ್ಟ್ರೀಯ ಭೇದಿ ರೋಗ ಸಂಶೋಧನಾ ಕೇಂದ್ರದಲ್ಲಿ ರೋಗಿಗಳ ಮೇಲಿನ ಸಂಶೋಧನೆಯ ಮುಖ್ಯಸ್ಥರಾದರು. ಈ ಹೊತ್ತಿಗೆ ಪ್ರಶ್ನೆ ಬದಲಾಗಿತ್ತು. ನೀರು ಖಾಲಿಯಾಗಿ ಸಾಯುವುದನ್ನು ತಪ್ಪಿಸಿದ್ದಾಯಿತು, ಆದರೆ ಬದುಕಿ ಮನೆಗೆ ಹೋದ ಮಗು ತಿಂಗಳೊಳಗೆ ಮತ್ತೆ ಭೇದಿ ಅಂತ ಬರುತ್ತದೆ, ಈ ಸಲ ಇನ್ನೂ ತೆಳ್ಳಗೆ. ಭೇದಿಯಿಂದ ಮಗು ಸೊರಗುತ್ತದೆ, ಸೊರಗಿದ ಮಗುವಿಗೆ ಭೇದಿ ಬೇಗ ಹಿಡಿಯುತ್ತದೆ, ಹಿಡಿದದ್ದು ಬೇಗ ಬಿಡುವುದಿಲ್ಲ. ಇದನ್ನು ಬರೀ ನೀರು, ಉಪ್ಪಿನಿಂದ ಬಿಡಿಸಲು ಆಗುವುದಿಲ್ಲ, ಊಟ ಬೇಕು.

ಹಾಗಾಗಿ ಅವರ ನಂತರದ ಕೆಲಸದಲ್ಲಿ ಅಕ್ಕಿ, ಎದೆಹಾಲು, ವಿಟಮಿನ್ ಎ, ಜಿಂಕ್ ಬರುತ್ತವೆ. 1982ರಲ್ಲಿ ಅವರೂ ಸಂಗಡಿಗರೂ ಗ್ಲೂಕೋಸ್ ಬದಲು ಅಕ್ಕಿ ಹಾಕಿ ಮಾಡಿದ ಓಆರ್‌ಎಸ್ ಅನ್ನು ಮಕ್ಕಳಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಅಕ್ಕಿಯ ಪಿಷ್ಟ ಕರುಳಿನಲ್ಲಿ ನಿಧಾನವಾಗಿ ಸಕ್ಕರೆಯಾಗಿ ಬಿಡುಗಡೆಯಾಗುತ್ತದೆ, ಒಂದೇ ಸಲ ಸಿಹಿ ಜಾಸ್ತಿಯಾಗಿ ನೀರನ್ನು ಕರುಳಿನೊಳಕ್ಕೆ ಎಳೆಯುವ ತೊಂದರೆ ಇಲ್ಲ. ಮುಂದೆ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನೆಲ್ಲ ಸೇರಿಸಿ ನೋಡಿದಾಗ ಕಾಲರಾದಲ್ಲಿ ಅಕ್ಕಿಯ ಲಾಭ ಚೆನ್ನಾಗಿ ಕಂಡಿತು, ಮಕ್ಕಳ ಮಾಮೂಲಿ ಭೇದಿಯಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಓಆರ್‌ಎಸ್ ಇದ್ದಾಗ ಅದನ್ನೇ ಕೊಡಿ. ತಕ್ಷಣ ಸಿಗದಿದ್ದರೆ ಉಪ್ಪು ಹಾಕಿದ ಗಂಜಿ ತಿಳಿ ಕುಡಿಸುವುದರಲ್ಲಿ ತಪ್ಪಿಲ್ಲ, ಅಜ್ಜಿಯರು ಮಾಡುತ್ತಿದ್ದದ್ದಕ್ಕೆ ಅರ್ಥ ಇತ್ತು.

1991ರಲ್ಲಿ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನಗೆ ಇಷ್ಟ. ಢಾಕಾದ ಭೇದಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಯಾರಿಗೆ ವಿಟಮಿನ್ ಎ ಕೊರತೆಯಿಂದ ಕಣ್ಣಿನ ತೊಂದರೆ ಇದೆ, ಯಾರು ಇನ್ನೂ ಎದೆಹಾಲು ಕುಡಿಯುತ್ತಿದ್ದಾರೆ ಅಂತ ಹೋಲಿಸಿ ನೋಡಿದರು. ಎದೆಹಾಲು ಕುಡಿಯುವವರಲ್ಲಿ ಕೊರತೆ ಬಹಳ ಕಡಿಮೆ, ಅದೂ ಮೂರನೇ ವರ್ಷದವರೆಗೂ. "ಒಂದು ವರ್ಷ ಆದಮೇಲೆ ಎದೆಹಾಲಲ್ಲಿ ಏನೂ ಇರಲ್ಲ" ಅನ್ನುವವರು ನಮ್ಮಲ್ಲಿ ಕಡಿಮೆ ಇಲ್ಲ, ಅಲ್ವಾ? ನಿಮ್ಮ ಮಗು ಇನ್ನೂ ಹಾಲು ಕುಡಿಯುತ್ತಿದ್ದರೆ ಭೇದಿ ಇದ್ದಾಗ ಅದನ್ನು ನಿಲ್ಲಿಸಲೇಬೇಡಿ. ಹೊಟ್ಟೆಗೆ ರೆಸ್ಟ್ ಕೊಡಬೇಕು ಅಂತ ಮಗುವನ್ನು ಉಪವಾಸ ಹಾಕುವುದು ಹಳೆಯ ಕಾಲದ ಡಾಕ್ಟರುಗಳೇ ಹೇಳುತ್ತಿದ್ದ ಮಾತು, ಅದು ತಪ್ಪು ಅಂತ ಗೊತ್ತಾಗಿ ಎಷ್ಟೋ ಕಾಲವಾಯಿತು. ಕರುಳಿನ ಒಳಪದರ ಕೆಲವೇ ದಿನಕ್ಕೆ ಹೊಸದಾಗಿ ಬೆಳೆಯುತ್ತದೆ, ಅದಕ್ಕೆ ಊಟ ಒಳಗೆ ಹೋಗುತ್ತಿರಬೇಕು. ಮೆತ್ತಗಿನ ಅನ್ನ, ಬೇಳೆಕಟ್ಟು, ಮೊಸರು, ರಾಗಿ ಗಂಜಿ, ಇಡ್ಲಿ, ಮಗು ಯಾವುದನ್ನು ತಿನ್ನುತ್ತದೋ ಅದು, ಸ್ವಲ್ಪ ಸ್ವಲ್ಪ, ಪದೇ ಪದೇ. ಮೇಲೊಂದು ಚಮಚ ಎಣ್ಣೆಯೋ ತುಪ್ಪವೋ ಬಿದ್ದರೂ ಪರವಾಗಿಲ್ಲ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಜಾಸ್ತಿ ಕೊಡಿ. ಹಾಗೇ ಬಾಳೆಕಾಯಿ: ಎರಡು ವಾರ ದಾಟಿದ ಭೇದಿ ಇದ್ದ ಮಕ್ಕಳಿಗೆ ಅನ್ನದ ಜೊತೆ ಬೇಯಿಸಿದ ಬಾಳೆಕಾಯಿ ಕೊಟ್ಟು ಢಾಕಾದ ಅದೇ ಕೇಂದ್ರದ ಬೇರೆ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಫಲಿತಾಂಶ ಚೆನ್ನಾಗಿತ್ತು. ಬಾಳೆಕಾಯಿಯ ಪಿಷ್ಟ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಯಿಸಿದಾಗ ಬರುವ ಆಮ್ಲಗಳು ಉಪ್ಪು ನೀರು ಹೀರಿಕೊಳ್ಳಲು ನೆರವಾಗುತ್ತವೆ.

ಜಿಂಕ್ ಬಗ್ಗೆ. 1995ರಲ್ಲಿ ದೆಹಲಿಯ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮಹಾರಾಜ್ ಕಿಶನ್ ಭಾನ್ ಅವರೂ ಇದ್ದ ತಂಡ, ಜಿಂಕ್ ಕೊಟ್ಟ ಮಕ್ಕಳಲ್ಲಿ ಭೇದಿ ಬೇಗ ಮುಗಿಯುತ್ತದೆ ಎಂದು ತೋರಿಸಿತು. ಭಾನ್ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಮಕ್ಕಳ ಹೊಟ್ಟೆ ಕರುಳಿನ ತಜ್ಞರಾಗಿದ್ದವರು, ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ವಿರುದ್ಧದ ನಮ್ಮ ದೇಶದ ಲಸಿಕೆಯ ಹಿಂದಿದ್ದವರು. 2004ರಿಂದ ಓಆರ್‌ಎಸ್ ಜೊತೆ ಜಿಂಕ್ ಕೊಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ಫೂ ಹೇಳುತ್ತಿವೆ. ನಮ್ಮಲ್ಲಿ 6 ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತ ಕೂಡಲೇ ಜಿಂಕ್ ನಿಲ್ಲಿಸಿಬಿಡುವುದು ಎಲ್ಲ ಮನೆಯಲ್ಲೂ ನಡೆಯುತ್ತದೆ. ನಿಲ್ಲಿಸಬೇಡಿ, ಅದರ ಪೂರ್ತಿ ಲಾಭ ಸಿಗುವುದು ಮುಂದಿನ ಎರಡು ಮೂರು ತಿಂಗಳಲ್ಲಿ, ಭೇದಿ ಮತ್ತೆ ಬರುವುದು ಕಡಿಮೆಯಾಗುವುದರಲ್ಲಿ.

ಓಆರ್‌ಎಸ್ ಕೂಡ ಬನಗಾಂವ್ ಕಾಲದ್ದಲ್ಲ ಈಗ. 2002ರಲ್ಲಿ ಉಪ್ಪು, ಸಕ್ಕರೆ ಎರಡನ್ನೂ ಇಳಿಸಿದರು. ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಇದರಿಂದ ವಾಂತಿಯೂ ಭೇದಿಯೂ ಹಳೆಯದಕ್ಕಿಂತ ಸ್ವಲ್ಪ ಕಡಿಮೆ, ಡ್ರಿಪ್ಪಿಗೆ ಹೋಗಬೇಕಾದ ಮಕ್ಕಳು ಮೂರನೇ ಒಂದು ಭಾಗದಷ್ಟು ಕಡಿಮೆ. ಕುಡಿಸುವ ರೀತಿ ಮಾತ್ರ ಹಳೆಯದೇ. ಚಮಚದಲ್ಲಿ, ಒಂದೆರಡು ನಿಮಿಷಕ್ಕೊಮ್ಮೆ. ಲೋಟ ಬಾಯಿಗಿಟ್ಟರೆ ಬಾಯಾರಿದ ಮಗು ಗಟಗಟ ಕುಡಿದು ಪೂರ್ತಿ ವಾಂತಿ ಮಾಡುತ್ತದೆ, ಆಗ ನಾವು "ಇದು ಒಗ್ಗಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೇವೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ, ಇನ್ನೂ ನಿಧಾನವಾಗಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗ 50ರಿಂದ 100 ಮಿಲಿ. ಪ್ಯಾಕೆಟ್ಟನ್ನು ಪೂರ್ತಿ ಒಂದೇ ಸಲ ಕಲಸಬೇಕು, ಎಷ್ಟು ನೀರಿಗೆ ಅಂತ ಅದರ ಮೇಲೇ ಬರೆದಿರುತ್ತದೆ, ಅರ್ಧ ಪ್ಯಾಕೆಟ್ಟು ಅಂದಾಜಿನಲ್ಲಿ ಒಂದು ಲೋಟಕ್ಕೆ ಸುರಿದರೆ ಮನಿಲಾದ ತಪ್ಪನ್ನೇ ಚಿಕ್ಕದಾಗಿ ಮಾಡಿದ ಹಾಗೆ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ.

ಈಗ ಆ ಬಾಟ್ಲಿಗೆ ಬರೋಣ. ಜನ ಗ್ಲೂಕೋಸ್ ಅನ್ನುವುದು ಎಲ್ಲ ಡ್ರಿಪ್ಪಿಗೂ ಹೌದು, ಆದರೆ ನಿಜವಾಗಿಯೂ ಬರೀ ಗ್ಲೂಕೋಸ್ ಇರುವ ಬಾಟಲಿ ಭೇದಿಗೆ ಸರಿಯಾದ ಡ್ರಿಪ್ಪೇ ಅಲ್ಲ, ಅದರಲ್ಲಿ ಉಪ್ಪೇ ಇಲ್ಲ. ಶೇ 5ರ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ, ಅಂದರೆ ಐದಾರು ಟೀ ಚಮಚ ಸಕ್ಕರೆಯಷ್ಟು. ಶಕ್ತಿ ಬರುತ್ತದೆ ಅನ್ನುವ ನಂಬಿಕೆಯ ಹಿಂದೆ ಇರುವುದು ಅಷ್ಟೇ. ಸೂಜಿ ಹಾಕಿದರೂ ಭೇದಿ ನಿಲ್ಲುವುದಿಲ್ಲ, ಅದೂ ನೀರು ತುಂಬಿಸುವ ಇನ್ನೊಂದು ದಾರಿ, ಮೇಲೆ ಸಣ್ಣ ಕೈಯಲ್ಲಿ ನರ ಹುಡುಕಿ ಚುಚ್ಚುವ ನೋವು, ಸೋಂಕಿನ ಭಯ, ಬಿಲ್ಲು. ತುಂಬ ಸೊರಗಿದ ಮಗುವಿಗಂತೂ ಅಂದಾಜಿನಲ್ಲಿ ಡ್ರಿಪ್ ಹಾಕಿದರೆ ಹೃದಯಕ್ಕೆ ಭಾರವಾಗಿ ಜೀವಕ್ಕೇ ಅಪಾಯ, ಅಂಥ ಮಕ್ಕಳಿಗೆ ಲೆಕ್ಕವೇ ಬೇರೆ. ಕೇಳಿದ ಕೂಡಲೇ ಬಾಟಲಿ ನೇತುಹಾಕುವ ಡಾಕ್ಟರು ಒಳ್ಳೆಯವರು, ಪ್ಯಾಕೆಟ್ಟು ಕೊಟ್ಟು ಕಳಿಸುವವರು ಏನೂ ಮಾಡಲಿಲ್ಲ ಅಂತ ನಾವು ಅಂದುಕೊಳ್ಳುತ್ತೇವಲ್ಲ, ಅದೇ ಇಷ್ಟಕ್ಕೆಲ್ಲ ಮೂಲ. ಎರಡನೆಯವರಿಗೆ ಧೈರ್ಯ ಜಾಸ್ತಿ ಬೇಕು.

ಡ್ರಿಪ್ ಜೀವ ಉಳಿಸುವ ಸಂದರ್ಭ ಖಂಡಿತ ಇದೆ, ಆಗ ತಡ ಮಾಡಬಾರದು. ಮಗು ಮಂಪರಿನಲ್ಲಿದೆ, ಎಬ್ಬಿಸಿದರೆ ಸರಿಯಾಗಿ ಏಳುತ್ತಿಲ್ಲ. ಕುಡಿಯಲು ಆಗುತ್ತಿಲ್ಲ, ಅಥವಾ ಚಮಚದಲ್ಲಿ ಕೊಟ್ಟದ್ದೂ ಪೂರ್ತಿ ವಾಂತಿ. ಕಣ್ಣು ಗುಳಿಬಿದ್ದಿದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತು ನಿಧಾನವಾಗಿ ಇಳಿಯುತ್ತದೆ. ಆರೇಳು ಗಂಟೆಯಿಂದ ಉಚ್ಚೆ ಇಲ್ಲ. ಇವುಗಳಲ್ಲಿ ಯಾವುದಿದ್ದರೂ ರಾತ್ರಿ ಹಗಲು ನೋಡದೆ ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ಕುಡಿಯುವ ಸ್ಥಿತಿ ಇದ್ದರೆ ಓಆರ್‌ಎಸ್ ಕುಡಿಸುತ್ತಾ ಹೋಗಿ. ಮಲದಲ್ಲಿ ರಕ್ತ, ಜೋರು ಜ್ವರ, ಎರಡು ತಿಂಗಳೊಳಗಿನ ಕೂಸು, ಇವಕ್ಕೂ ಡಾಕ್ಟರೇ ಬೇಕು. ಮನೆಯಲ್ಲಿ ದೊಡ್ಡವರಿಗೆ ತಂದಿಟ್ಟ ಭೇದಿ ನಿಲ್ಲಿಸುವ ಮಾತ್ರೆಯನ್ನು ಮಗುವಿಗೆ ಮುರಿದು ಕೊಡಬೇಡಿ, ಅದು ಕರುಳಿನ ಚಲನೆಯನ್ನೇ ನಿಲ್ಲಿಸಿಬಿಡಬಹುದು. ಆಂಟಿಬಯಾಟಿಕ್ ಕೂಡ ಎಲ್ಲ ಭೇದಿಗೂ ಅಲ್ಲ.

1980ರ ಸುಮಾರಿಗೆ ಜಗತ್ತಿನಲ್ಲಿ ಐದು ವರ್ಷದೊಳಗಿನ 40 ಲಕ್ಷಕ್ಕೂ ಹೆಚ್ಚು ಮಕ್ಕಳು ವರ್ಷಕ್ಕೆ ಭೇದಿಯಿಂದ ಸಾಯುತ್ತಿದ್ದರು ಎಂಬ ಅಂದಾಜಿದೆ. ಈಗ ಅದು 5 ಲಕ್ಷಕ್ಕಿಂತ ಕಡಿಮೆ. ಎಲ್ಲ ಓಆರ್‌ಎಸ್ ಒಂದರಿಂದಲೇ ಅಲ್ಲ, ಶುದ್ಧ ನೀರು, ಲಸಿಕೆಗಳು, ಊಟ ಎಲ್ಲದರ ಪಾಲಿದೆ, ಆದರೆ ದೊಡ್ಡ ಪಾಲು ಇದರದ್ದು. ಮಹಲನಾಬಿಸ್ ಅವರಿಗೆ 2002ರಲ್ಲಿ ಮಕ್ಕಳ ವೈದ್ಯಕೀಯ ಸಂಶೋಧನೆಗೆ ಕೊಡುವ ಪೊಲಿನ್ ಪ್ರಶಸ್ತಿ, 2006ರಲ್ಲಿ ಥಾಯ್ಲೆಂಡಿನ ಪ್ರಿನ್ಸ್ ಮಹಿಡೋಲ್ ಪ್ರಶಸ್ತಿ ಬಂದವು, ಎರಡೂ ಬೇರೆ ಸಂಶೋಧಕರ ಜೊತೆ ಹಂಚಿಕೊಂಡದ್ದು. ಕೊನೆಯ ವರ್ಷಗಳಲ್ಲಿ ಕೋಲ್ಕತ್ತಾದ ಮಕ್ಕಳ ಆಸ್ಪತ್ರೆಯೊಂದಕ್ಕೆ ಒಂದು ಕೋಟಿ ರೂಪಾಯಿ ಕೊಟ್ಟರು. 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಘೋಷಣೆಯಾದದ್ದು 2023ರ ಜನವರಿಯಲ್ಲಿ. ಬದುಕಿದ್ದಾಗ ಕೊಡಲು ದೇಶಕ್ಕೆ 51 ವರ್ಷ ಸಮಯವಿತ್ತು.

ಕೊನೆಗೆ ಒಂದು ವಿಷಯ, ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಆದರೆ ಎರಡು ದಿನ ಕುಡಿಸಿದ್ದು ಏನು ಅಂತ ಒಮ್ಮೆ ನೋಡಿಕೊಳ್ಳಿ. ಮೆಡಿಕಲ್ ಶಾಪುಗಳಲ್ಲಿ ಟೆಟ್ರಾ ಪ್ಯಾಕಿನಲ್ಲಿ ಆಪಲ್, ಆರೆಂಜ್ ರುಚಿಯ ಸಿಹಿ ಪಾನೀಯಗಳನ್ನು ಓಆರ್‌ಎಸ್ ಅಂತ ಕೊಟ್ಟುಬಿಡುವುದು ವರ್ಷಗಟ್ಟಲೆ ನಡೆದಿದೆ. ಅವುಗಳಲ್ಲಿ ಸಕ್ಕರೆ ಅಸಲಿ ಓಆರ್‌ಎಸ್‌ಗಿಂತ ಹಲವು ಪಟ್ಟು, ಉಪ್ಪು ಸಾಲದು. ಸಕ್ಕರೆ ಅಷ್ಟಿದ್ದರೆ ಕರುಳು ನೀರನ್ನು ಹೀರಿಕೊಳ್ಳುವ ಬದಲು ತನ್ನೊಳಕ್ಕೆ ಬಿಟ್ಟುಕೊಳ್ಳುತ್ತದೆ, ಭೇದಿ ಜಾಸ್ತಿಯೇ ಆಗುತ್ತದೆ. ಹೈದರಾಬಾದಿನ ಒಬ್ಬ ಮಕ್ಕಳ ಡಾಕ್ಟರಮ್ಮ ಇದರ ವಿರುದ್ಧ ಎಂಟು ವರ್ಷ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಇರಬಾರದು ಅಂತ ಆದೇಶ ಮಾಡಿತು. ಜ್ಯೂಸು, ಕೂಲ್ ಡ್ರಿಂಕ್ಸು, ಶಕ್ತಿ ಬರುತ್ತದೆ ಅನ್ನುವ ಗ್ಲೂಕೋಸ್ ಪುಡಿ ಇವುಗಳಿಗೂ ಇದೇ ಮಾತು. ಪ್ಯಾಕೆಟ್ಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಅಂತ ಇರಬೇಕು. ಅದೂ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಮಟ್ಟಸವಾಗಿರಲಿ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಕೇಳಿದರೆ ಓಆರ್‌ಎಸ್ಸೂ ಜಿಂಕ್ ಮಾತ್ರೆಯೂ ದುಡ್ಡಿಲ್ಲದೆ ಸಿಗುತ್ತವೆ.